ಸ್ವೀಬ್ನ್ಯು ಎಂಬ ಊರು

ಶಂಕರಪುರ
12 ಫೆಬ್ರವರಿ 1999

ಡೈನಾ,

ನಿನ್ನ ಕಾಗದ ಬಂತು. ಒಂದೇ ಪುಟ, ಅದರಲ್ಲೂ ಅರ್ಧ ಹಿಮದ ವರ್ಣನೆ. ಹಿಮ ನನಗೆ ಬೇಡ. ನೀನು ಆ ಕಾನ್ವೆಂಟಿಗೆ ಹೋಗಿ ನಾಲ್ಕು ತಿಂಗಳಾಯಿತು. ಊಟಕ್ಕೆ ಎಂತ ಕೊಡುತ್ತಾರೆ, ಮಲಗುವ ಕೋಣೆಯಲ್ಲಿ ಎಷ್ಟು ಜನ, ಮದರ್ ಸುಪೀರಿಯರ್ ಯಾವ ತರದವರು ಎಂದು ಮೂರು ಪ್ರಶ್ನೆ ಕೇಳಿದ್ದೆ. ಮೂರಕ್ಕೂ ಸೇರಿಸಿ "ಎಲ್ಲ ಚೆನ್ನಾಗಿದೆ" ಎಂದು ಬರೆದಿದ್ದೀ. ಮೂರು ಪ್ರಶ್ನೆಗೆ ಒಂದೇ ಉತ್ತರ ಕೊಟ್ಟವರು ಒಂದಕ್ಕೂ ಉತ್ತರ ಕೊಟ್ಟಿಲ್ಲವೆಂದೇ ನನ್ನ ಲೆಕ್ಕ.

ಕಳೆದ ಭಾನುವಾರ ಪೂಜೆ ಮುಗಿಸಿ ಮುದ್ದಣ್ಣನ ಟೆಲಿಫೋನ್ ಬೂತಿಗೆ ಹೋದೆ. ನೀನು ಕೊಟ್ಟಿದ್ದ ನಂಬರು ತಿರುಗಿಸಿದ. ಯಾರೋ ಹೆಂಗಸು ಎತ್ತಿದಳು. ನಾನು ಇಂಗ್ಲಿಷಿನಲ್ಲಿ ನಿನ್ನ ಹೆಸರು ಹೇಳಿದೆ. ಪಾತ್ರೆ ಕೆಳಗೆ ಬಿದ್ದ ಹಾಗೆ ಏನೋ ಹೇಳಿ ಇಟ್ಟುಬಿಟ್ಟಳು. ಮುದ್ದಣ್ಣ ಹೇಳುತ್ತಾನೆ, "ಬಾಯಮ್ಮ, ಅವರಿಗೆ ಇಂಗ್ಲಿಷ್ ಬರುವುದಿಲ್ಲ ಕಾಣ್ತದೆ. ಮುಂದಿನ ಸಲ ಅವರ ಭಾಷೆಯಲ್ಲೇ ಬೈಯಿರಿ ಮಾರಾಯ್ರೆ." ಬೂತಿನಲ್ಲಿ ನಾಲ್ಕು ಜನ ನಕ್ಕರು. ರೊಸಾರಿಯೊ ಮನೆಯವಳನ್ನು ಕಂಡು ಶಂಕರಪುರದಲ್ಲಿ ಯಾರೂ ಇದುವರೆಗೆ ನಕ್ಕದ್ದಿಲ್ಲ.

ಆದ್ದರಿಂದ ನನಗೆ ಆ ಭಾಷೆ ಕಲಿಸು. ಪೂರಾ ಬೇಡ. ಫೋನು ಎತ್ತಿದವಳು ನಿನ್ನನ್ನು ಕರೆಯುವಷ್ಟು ಸಾಕು. ಉಚ್ಚಾರವನ್ನು ಕನ್ನಡ ಅಕ್ಷರದಲ್ಲಿ ಸರಿಯಾಗಿ ಬರೆದು ಕಳುಹಿಸು. ಮನೆಯಲ್ಲಿ ಕೊಂಕಣಿ, ಕಾಗದಕ್ಕೆ ಕನ್ನಡ ಎಂಬುದು ನಿನ್ನ ಅಪ್ಪನ ಕಾಲದಿಂದ ನಡೆದು ಬಂದ ಕ್ರಮ. ನಾನು ಹೈಸ್ಕೂಲಿನಲ್ಲಿ ಕನ್ನಡಕ್ಕೆ ಇಡೀ ಶಾಲೆಗೆ ಮೊದಲು ಬಂದವಳು. ಹ್ರಸ್ವ, ದೀರ್ಘ ತಪ್ಪುವವಳಲ್ಲ.

ಕಾಗದದ ಕೊನೆಗೆ ಬೆಸಾಂವ್ ಕೇಳಿದ್ದೀ. ಮಕ್ಕಳು ಕೇಳಿದಾಗ ತಾಯಿಯಾದವಳು ಆಶೀರ್ವಾದ ಇಲ್ಲವೆನ್ನಬಾರದು. ಬೆಸಾಂವ್ ಉಂಟು.

ನಿನ್ನ ತಾಯಿ,
ಡುಲ್ಸಿನ್ ರೊಸಾರಿಯೊ


ಸಮೊಬೊರ್
14 ಮಾರ್ಚ್ 1999

ಪ್ರೀತಿಯ ಮಾಂಯ್,

ಬೆಸಾಂವ್ ದಿಯಾ.

ನೀವು ಹೇಳಿದ ಮೇಲೆ ಮುಗಿಯಿತು, ಕಲಿಸುತ್ತೇನೆ. ನನ್ನ ಹತ್ತಿರ ಒಂದು ಹಳೆಯ ವ್ಯಾಕರಣ ಪುಸ್ತಕ ಉಂಟು. ಅದರ ರಟ್ಟಿನ ಮೇಲೆ ಸರ್ಬೊ-ಕ್ರೊವೇಷಿಯನ್ ಎಂದು ಹೆಸರು. ಸರ್ಬರೊಡನೆ ಯುದ್ಧವಾದ ನಂತರ ಆ ಹೆಸರು ಈ ಕ್ರೊವೇಷಿಯಾದಲ್ಲಿ ಯಾರಿಗೂ ಆಗುವುದಿಲ್ಲ, ಕ್ರೊವೇಷಿಯನ್ ಎಂದೇ ಹೇಳಬೇಕು. ಅದಕ್ಕೆ ರಟ್ಟಿಗೆ ಪೇಪರು ಸುತ್ತಿ ಇಟ್ಟಿದ್ದೇನೆ.

ಮೊದಲು ಅಕ್ಷರ. ಕೊಂಕಣಿಯಲ್ಲಿ ಕಳ್ಳನಿಗೆ ಚೋರ್ ಎನ್ನುವಾಗ ನಾಲಿಗೆ ಹಲ್ಲಿಗೆ ತಾಗುತ್ತದಲ್ಲ, ಆ ಚ ಇಲ್ಲಿ ಬಹಳ ಬೇಕು. ಅದನ್ನು ತ್ಸ ಎಂದು ಬರೆಯುತ್ತೇನೆ. ಮತ್ತೆ ಕನ್ನಡದ ಋ. ಶಾಲೆಯಲ್ಲಿ ಬರೆಯಲು ಕಲಿತೆವು, ಬಾಯಲ್ಲಿ ರು ಎಂದು ಹೇಳಿ ಬಿಟ್ಟೆವು. ಇಲ್ಲಿ ಆ ಅಕ್ಷರ ನಿಜವಾಗಿ ದುಡಿಯುತ್ತದೆ. ಬೆರಳಿಗೆ ಪೃಸ್ತ್ ಎನ್ನುತ್ತಾರೆ. ಇಗರ್ಜಿಗೆ ತ್ಸೃಕ್ವ. ಆ ಒಂದು ಪದಕ್ಕೆ ಕೊಂಕಣಿಯ ಚ ಬೇಕು, ಕನ್ನಡದ ಋ ಬೇಕು. ಫಿಲಿಪ್ಪೀನ್ಸಿನ ಸಿಸ್ಟರಿಗೆ ಎರಡು ವರ್ಷವಾದರೂ ಬಾರದ್ದು ನನಗೆ ಮೊದಲ ದಿನವೇ ಬಂತು. ಮದರ್ ತಿರುಗಿ ನೋಡಿದರು.

ಹ್ರಸ್ವ, ದೀರ್ಘ ನಮ್ಮ ಹಾಗೆಯೇ. ಪಸ್ ಎಂದರೆ ನಾಯಿ, ಪಾಸ್ ಎಂದರೆ ಸೊಂಟಪಟ್ಟಿ.

ಇನ್ನು ಕಷ್ಟದ್ದು. ಒಂದೊಂದು ಪದಕ್ಕೂ ಒಂದು ರಾಗ ಉಂಟು. ಕೆಲವು ಪದಗಳಲ್ಲಿ ದನಿ ಏರುತ್ತದೆ, ಕೆಲವದರಲ್ಲಿ ಇಳಿಯುತ್ತದೆ. ಕನ್ನಡದಲ್ಲಿ ಅದಕ್ಕೆ ಗುರುತು ಇಲ್ಲ. ಆದರೆ ನಿಮಗೆ ಸುಲಭ. ನೀವು ಸಂಶಯದಿಂದ "ಎಂತ?" ಎಂದು ಕೇಳುತ್ತೀರಲ್ಲ, ಅದು ಏರುವ ದನಿ. ಮಾತು ಮುಗಿಸಲು "ಸಾಕು" ಎನ್ನುತ್ತೀರಲ್ಲ, ಅದು ಇಳಿಯುವ ದನಿ. ಇಲ್ಲಿಯ ಪದಗಳೆಲ್ಲ ಒಂದೋ ನಿಮ್ಮ ಎಂತ, ಇಲ್ಲವಾದರೆ ನಿಮ್ಮ ಸಾಕು.

ಫೋನಿಗೆ: ಮೊಲೀಮ್ ಸೆಸ್ತ್ರು ದಿಯಾನು. ಸಿಸ್ಟರ್ ಡೈನಾ ಬೇಕಿತ್ತು, ದಯವಿಟ್ಟು ಎಂದು ಅರ್ಥ.

ನಾಲಿಗೆ ಪಳಗಲು ಇನ್ನೊಂದು ಕೊಡುತ್ತೇನೆ, ದಿನಾ ಹೇಳಿ: ಯಾ ಸಮ್ ಸಾಮ. ನಡುವಿನದ್ದು ಹ್ರಸ್ವ, ಕೊನೆಯದ್ದು ದೀರ್ಘ, ಸಾ ಎನ್ನುವಾಗ ದನಿ ಏರಬೇಕು.

ಇಲ್ಲಿ ಎಲ್ಲ ಚೆನ್ನಾಗಿದೆ.

ನಿಮ್ಮ ಡೈನಾ


ಶಂಕರಪುರ
18 ಏಪ್ರಿಲ್ 1999

ಡೈನಾ,

ಯುಗೊಸ್ಲಾವಿಯಾದ ಮೇಲೆ ಬಾಂಬು ಹಾಕುತ್ತಿದ್ದಾರೆಂದು ರೇಡಿಯೊದಲ್ಲಿ ದಿನಾ ಹೇಳುತ್ತಾರೆ. ಅದು ಪಕ್ಕದ ದೇಶ, ನಮ್ಮ ಡೈನಾ ಇರುವುದು ಬೇರೆ ದೇಶ ಎಂದು ಡೆನಿಸ್ ಸಮಾಧಾನ ಹೇಳುತ್ತಾನೆ. ಅವನ ಮಕ್ಕಳ ಶಾಲೆಯ ನಕ್ಷೆ ತೆಗೆದು ನೋಡಿದೆ. ಎಲ್ಲ ಒಂದೇ ಬಣ್ಣ. ನಿನ್ನ ಅಣ್ಣ ಹೇಳುವುದು ನಿಜವೋ, ನಕ್ಷೆ ಹೇಳುವುದು ನಿಜವೋ, ನೀನೇ ಬರೆ.

ಪುಸ್ತಕಕ್ಕೆ ಪೇಪರು ಸುತ್ತಿದ ಸಂಗತಿ ನನಗೆ ಸರಿ ಕಾಣಲಿಲ್ಲ. ಪುಸ್ತಕಕ್ಕೆ ಹೊದಿಕೆ ಹಾಕುವುದು ಧೂಳು ಹಿಡಿಯಬಾರದೆಂದು, ಹೆಸರು ಅಡಗಿಸಲಿಕ್ಕಲ್ಲ. ಹೆಸರು ಅಡಗಿಸುವ ಮನೆಯಲ್ಲಿ ಇನ್ನೆಂತೆಲ್ಲ ಅಡಗಿಸುತ್ತಾರೆ?

ಪಾಠ ನಡೆಯುತ್ತಿದೆ. ಏರುವ ದನಿಗೆ ಅಕ್ಷರದ ಮೇಲೆ ಪೆನ್ಸಿಲಿನಿಂದ ಏರುಗೆರೆ, ಇಳಿಯುವುದಕ್ಕೆ ಇಳಿಗೆರೆ ಹಾಕಿಕೊಂಡಿದ್ದೇನೆ. ಬೆಳಿಗ್ಗೆ ಮಲ್ಲಿಗೆ ಕಟ್ಟಲು ಹೆಂಗಸರು ಜಗಲಿಯಲ್ಲಿ ಕುಳಿತಾಗ ನಾನೂ ಕುಳಿತು ಗಟ್ಟಿಯಾಗಿ ಹೇಳುತ್ತೇನೆ. ಪಸ್, ಪಾಸ್, ಪಸ್, ಪಾಸ್. ಬಾಗಲಕೋಟೆ ಕಡೆಯಿಂದ ಬಂದ ರೇಣುಕವ್ವ ನಿನಗೆ ಗೊತ್ತಲ್ಲ, ಅವಳ ಬಾಯಿಗೆ ಬೀಗ ಇಲ್ಲ. "ಅಮ್ಮಾರ, ಅಲ್ಲಿ ನೋಡ್ರಿ, ನಾಯಿ ಬಂದು ಕುಂತೈತಿ. ನಮಗ ತಿಳೀವಲ್ದು, ಅದಕ್ಕ ತಿಳೀತು!" ಎಂದಳು. ನಾಯಿ ನಿಜವಾಗಿ ಬಂದು ಕೂತಿತ್ತು.

ಯಾ ಸಮ್ ಸಾಮ ಅವಳಿಗೂ ಬಾಯಿಪಾಠ ಆಗಿದೆ. ಒಂದು ಪದಕ್ಕೆ ಬಾಳೆನಾರಿನ ಒಂದು ಗಂಟು ಎಂದು ಹೇಳಿಕೊಂಡು ಕಟ್ಟುತ್ತಾಳೆ. ಮೂರು ಪದ, ಮೂರು ಗಂಟು. ಕೈ ಬೇಗ ಹೋಗುತ್ತದಂತೆ.

ಆದರೆ ಅದರ ಅರ್ಥ ನೀನು ಬರೆದಿಲ್ಲ. ಫೋನಿನದ್ದಕ್ಕೆ ಬರೆದೆ, ನಾಯಿಗೆ ಬರೆದೆ, ಬೆರಳಿಗೆ ಬರೆದೆ. ಇದೊಂದಕ್ಕೆ ಮಾತ್ರ ಇಲ್ಲ. ಎಂತ?

ಬೆಸಾಂವ್ ಉಂಟು.

ನಿನ್ನ ತಾಯಿ,
ಡುಲ್ಸಿನ್ ರೊಸಾರಿಯೊ


6 ಜೂನ್ 1999

ಪ್ರೀತಿಯ ಮಾಂಯ್,

ಬೆಸಾಂವ್ ದಿಯಾ.

ಬಾಂಬು ಬೀಳುತ್ತಿರುವುದು ಬೇರೆ ದೇಶದಲ್ಲಿಯೇ. ನಕ್ಷೆ ಹಳೆಯದು. ಡೆನಿಸಣ್ಣ ಹೇಳಿದ್ದು ಸರಿ.

ನೀವು ಕೇಳಿದ ಸಾಲಿಗೆ ಅರ್ಥ ಎಂತದ್ದೂ ಇಲ್ಲ ಮಾಂಯ್, ನಾಲಿಗೆ ತಿರುಗಲಿಕ್ಕೆ ಮಾತ್ರ. ಹಾರ್ಮೋನಿಯಂ ಕಲಿಯುವವರು ಸರಿಗಮ ಬಾರಿಸುವ ಹಾಗೆ.

ಕಾನ್ವೆಂಟಿನಲ್ಲಿ ರಿಪೇರಿ ನಡೆಯುತ್ತಿದೆ. ಕಾಗದಗಳು ತಪ್ಪಿ ಹೋಗುತ್ತವೆ. ಇನ್ನು ಮುಂದೆ ಕೆಳಗಿನ ಪೋಸ್ಟ್ ಬಾಕ್ಸ್ ನಂಬರಿಗೆ ಬರೆಯಿರಿ. ಫೋನು ಮಾಡುವುದು ಸದ್ಯ ಬೇಡ, ಅದು ಮದರ್ ಕೋಣೆಯಲ್ಲಿ ಇರುವುದು.

ಇಲ್ಲಿ ಲಿಂಡೆನ್ ಎಂಬ ಮರ ಹೂಬಿಟ್ಟಿದೆ. ವಾಸನೆ ಸ್ವಲ್ಪ ನಮ್ಮ ಮಲ್ಲಿಗೆಯ ಹಾಗೆ.

ನಿಮ್ಮ ಡೈನಾ


ಶಂಕರಪುರ
12 ಸೆಪ್ಟೆಂಬರ್ 1999

ಡೈನಾ,

ಮೊನ್ನೆ ಮೊಂತಿ ಫೆಸ್ತ್ ಆಯಿತು. ಹೊಸ ತೆನೆ ಮನೆಗೆ ತಂದೆವು. ಹನ್ನೊಂದು ಜನ ಒಟ್ಟಿಗೆ ಕುಳಿತು ಹೊಸಕ್ಕಿ ಊಟ ಮಾಡಿದೆವು. ನಿನ್ನ ಹೆಸರಿನ ತೆನೆಕಾಳು ತೆಗೆದಿಟ್ಟಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನ ಮೊದಲಿನ ಕಾಗದಗಳ ಮೇಲಿನ ಅಂಚೆ ಮುದ್ರೆ ಸಮೊಬೊರಿನದ್ದು. ಜೂನಿನದ್ದು ಝಾಗ್ರೆಬಿನದ್ದು. ಜೂನಿನ ಕಾಗದದ ತಲೆಯಲ್ಲಿ ನೀನು ಊರಿನ ಹೆಸರನ್ನೇ ಹಾಕಿಲ್ಲ. ರಿಪೇರಿ ನಡೆದರೆ ಸುಣ್ಣ ಹಾರುತ್ತದೆ, ಅಂಚೆ ಕಚೇರಿ ಹಾರುವುದಿಲ್ಲ.

ನೀನು ಬೇಡವೆಂದರೂ ಫೋನು ಮಾಡಿದೆ. ಬೇಡವೆಂದದ್ದಕ್ಕೇ ಮಾಡಿದೆ. ಮೊಲೀಮ್ ಸೆಸ್ತ್ರು ದಿಯಾನು ಎಂದೆ. ಈ ಸಲ ಆ ಹೆಂಗಸು ಇಡಲಿಲ್ಲ. ನನ್ನನ್ನು ಅಲ್ಲಿಯವಳೇ ಎಂದುಕೊಂಡಳೋ ಏನೋ, ನಿಧಾನವಾಗಿ ಉತ್ತರ ಹೇಳಿದಳು. ಇನ್ನೊಮ್ಮೆ ಮೊಲೀಮ್ ಎಂದೆ. ಇನ್ನೊಮ್ಮೆ ಹೇಳಿದಳು. ಮುದ್ದಣ್ಣನ ಪೆನ್ನು ಕಸಿದುಕೊಂಡು ಕೇಳಿದ ಹಾಗೆಯೇ ಬರೆದುಕೊಂಡೆ, ಗೆರೆ ಸಹಿತ:

ನೀಯೆ ಒವ್‌ದ್ಯೆ. ಒತಿಶ್ಲ ಯೆ ಉ ಸ್ವೀಬ್ನ್ಯು.

ಸ್ವೀ ದೀರ್ಘ, ದನಿ ಇಳಿಯುತ್ತದೆ, ನನ್ನ ಸಾಕು ಹಾಗೆ. ಇದರ ಅರ್ಥವೇನು? ಇದಕ್ಕೂ ಅರ್ಥವಿಲ್ಲ ಎನ್ನಬೇಡ.

ಇನ್ನೊಂದು. ಎರಡು ಸಾವಿರದ ಇಸವಿಯ ಜುಬಿಲಿಗೆ ನಮ್ಮ ಇಗರ್ಜಿಯವರು ಪುಸ್ತಕ ತರುತ್ತಾರೆ. ಊರಿನಿಂದ ಸಿಸ್ಟರ್ ಆಗಿ ಹೋದವರ ಫೋಟೊ ಹಾಕುತ್ತಾರೆ. ನಿನ್ನದು ಮೊದಲ ಪುಟಕ್ಕೆ ಬೇಕೆಂದು ಫಾದರ್ ನನ್ನನ್ನೇ ಕರೆದು ಕೇಳಿದರು. ಅಂಗಿ, ಮುಸುಕು ಸರಿಯಾಗಿ ಕಾಣುವ ಹೊಸ ಫೋಟೊ ಕಳುಹಿಸು.

ಬೆಸಾಂವ್ ಉಂಟು.

ನಿನ್ನ ತಾಯಿ,
ಡುಲ್ಸಿನ್ ರೊಸಾರಿಯೊ


10 ಅಕ್ಟೋಬರ್ 1999

ಪ್ರೀತಿಯ ಮಾಂಯ್,

ಬೆಸಾಂವ್ ದಿಯಾ.

ನೀವು ಬರೆದುಕೊಂಡದ್ದು ಒಂದಕ್ಷರ ತಪ್ಪಿಲ್ಲ. ನಾನು ಗಟ್ಟಿಯಾಗಿ ಓದಿದೆ, ಆ ಹೆಂಗಸಿನ ದನಿಯೇ ಕೇಳಿದ ಹಾಗಾಯಿತು. ಅವಳು ಗೇಟಿನ ಹತ್ತಿರ ಕೂರುವವಳು.

ಅವಳು ಹೇಳಿದ್ದು ಇಷ್ಟೇ: "ಇಲ್ಲಿ ಇಲ್ಲ. ಸ್ವೀಬ್ನ್ಯುಗೆ ಹೋಗಿದ್ದಾಳೆ." ಸ್ವೀಬ್ನ್ಯು ಎಂಬುದು ಒಂದು ಸಣ್ಣ ಊರು. ಅಲ್ಲಿ ನಮ್ಮವರದ್ದು ಮುದುಕರ ಮನೆ ಉಂಟು, ನನ್ನನ್ನು ಅಲ್ಲಿಗೆ ಹಾಕಿದ್ದಾರೆ. ಅಲ್ಲಿ ಅಂಚೆ ಕಚೇರಿ ಇಲ್ಲ, ಝಾಗ್ರೆಬಿಗೆ ಹೋಗುವವರ ಕೈಯಲ್ಲಿ ಕಾಗದ ಕೊಡುತ್ತೇನೆ. ಮುದ್ರೆ ಅದಕ್ಕೆ ಬೇರೆ. ನೀವು ಸುಮ್ಮನೆ ಚಿಂತೆ ಮಾಡುತ್ತೀರೆಂದು ಬರೆಯಲಿಲ್ಲ.

ಫೋಟೊ ಇಟ್ಟಿದ್ದೇನೆ. ಹೊಸದು ತೆಗೆಸಿಲ್ಲ, ಇದು ಹೋದ ಚಳಿಗಾಲದ್ದು.

ನಿಮ್ಮ ಡೈನಾ


ಶಂಕರಪುರ
5 ಜನವರಿ 2000

ಡೈನಾ,

ನಿನ್ನ ಫೋಟೊ ಫಾದರಿಗೆ ಕೊಟ್ಟೆ. ನನ್ನ ಮಗಳು ಸ್ವೀಬ್ನ್ಯು ಎಂಬಲ್ಲಿ ಮುದುಕರ ಸೇವೆ ಮಾಡುತ್ತಾಳೆ ಎಂದು ಹೇಳಿದೆ. ಪುಸ್ತಕದಲ್ಲಿ ಊರಿನ ಹೆಸರು ಹಾಕಬೇಕೆಂದು ಅವರು ಇಂಗ್ಲಿಷ್ ಅಕ್ಷರದಲ್ಲಿ ಕೇಳಿದರು.

ಡೆನಿಸ್ ಕೆಲಸ ಮಾಡುವ ಮಣಿಪಾಲದ ಲೈಬ್ರರಿಯಲ್ಲಿ ಮೇಜಿನಷ್ಟು ದೊಡ್ಡ ಅಟ್ಲಾಸ್ ಉಂಟು. ಅವನನ್ನು ನಂಬದೆ ನಾನೇ ಬಸ್ಸು ಹತ್ತಿ ಹೋದೆ. ಭೂತಗನ್ನಡಿ ಇಟ್ಟು ಇಬ್ಬರೂ ಒಂದು ಗಂಟೆ ಹುಡುಕಿದೆವು. ಸಮೊಬೊರ್ ಸಿಕ್ಕಿತು. ಅದರ ಸುತ್ತಲಿನ ಹಳ್ಳಿಗಳೆಲ್ಲ ಸಿಕ್ಕಿದವು. ಸ್ವೀಬ್ನ್ಯು ಸಿಗಲಿಲ್ಲ. "ಸಣ್ಣ ಊರಲ್ವಾ ಮಾಂಯ್, ನಮ್ಮ ಶಂಕರಪುರವೂ ಇದರಲ್ಲಿ ಇರಲಿಕ್ಕಿಲ್ಲ" ಎಂದ ಡೆನಿಸ್. ಪುಟ ತಿರುಗಿಸಿ ನೋಡಿದೆ. ಶಂಕರಪುರ ಇಲ್ಲ, ನಿಜ. ಆದರೆ ಕಾಪು ಉಂಟು, ಕಾರ್ಕಳ ಉಂಟು. ಸ್ವೀಬ್ನ್ಯುವಿನ ಹತ್ತಿರದ ಕಾಪು ಯಾವುದು? ಅದನ್ನು ಬರೆ.

ಬೆಸಾಂವ್ ಉಂಟು.

ನಿನ್ನ ತಾಯಿ,
ಡುಲ್ಸಿನ್ ರೊಸಾರಿಯೊ


ಶಂಕರಪುರ
19 ಮಾರ್ಚ್ 2000

ಡೈನಾ,

ಎರಡೂವರೆ ತಿಂಗಳು ಕಾದೆ. ಹತ್ತಿರದ ಊರಿನ ಹೆಸರು ಬರೆಯಲು ಒಂದು ಸಾಲು ಸಾಕು.

ಬೆಸಾಂವ್ ನೀನು ಕೇಳಿಲ್ಲ. ಆದರೂ ಉಂಟು.

ಡುಲ್ಸಿನ್ ರೊಸಾರಿಯೊ


ಶಂಕರಪುರ
7 ಮೇ 2000

ಡೈನಾ,

ಕಾಪುವಿನಲ್ಲಿ ದೀಪಸ್ತಂಭ ಕಾಣುವ ಹಾಗೆ ಒಂದು ಮನೆ ಉಂಟು, ಸ್ಟ್ಯಾನಿಸ್ಲಾಸ್ ಎಂಬವರದ್ದು. ಮುಂಬಯಿಯಲ್ಲಿ ಹಡಗು ಹತ್ತಿ ಹನ್ನೊಂದು ವರ್ಷ ನೀನಿರುವ ದೇಶದ ರಿಯೇಕ ಬಂದರಿನ ಹಡಗುಗಳಲ್ಲಿ ಫಿಟ್ಟರ್ ಆಗಿ ದುಡಿದವರು. ಹೆಂಡತಿ ತೀರಿಕೊಂಡು ಮೂರು ವರ್ಷ. ಅವರಿಗೆ ನಿನ್ನ ಭಾಷೆ ಬರುತ್ತದೆಂದು ಮುದ್ದಣ್ಣ ಹೇಳಿದ. ನಿನ್ನೆ ಹೋದೆ.

ಬಂದ ಕಾರಣ ಕೂಡಲೇ ಹೇಳಲಿಲ್ಲ. ಮೊದಲು ಅವರಿಗೆ ನಿಜವಾಗಿ ಭಾಷೆ ಬರುತ್ತದೋ ಇಲ್ಲವೋ ನೋಡಬೇಕಿತ್ತು. ಹಡಗಿನಿಂದ ಬಂದವರಿಗೆಲ್ಲ ಬಾಯಿ ದೊಡ್ಡದು. ಕುರ್ಚಿಯಲ್ಲಿ ನೇರ ಕುಳಿತು, ನೀನು ಕಲಿಸಿದ್ದನ್ನು ಚೆನ್ನಾಗಿ ಏರಿಸಿ ಹೇಳಿದೆ: ಯಾ ಸಮ್ ಸಾಮ.

ಆ ಮನುಷ್ಯ ಚಹಾ ಲೋಟ ಕೆಳಗಿಟ್ಟರು. ಕಿವಿ ಕೆಂಪಾಯಿತು. ಕಿಟಕಿ ಕಡೆ ನೋಡಿ, "ನಾನೂ ಹಾಗೆಯೇ, ಡುಲ್ಸಿನ್‌ಬಾಯ್" ಎಂದರು.

"ಎಂತ ಹಾಗೆಯೇ?"

"ನೀವು ಹೇಳಿದ್ದು. ಆದರೆ ಈ ವಯಸ್ಸಿನಲ್ಲಿ ಜನ ಎಂತ ಹೇಳಿಯಾರು?"

"ನಾನು ಎಂತ ಹೇಳಿದೆ?"

"ನಾನು ಒಂಟಿ ಎಂದಿರಿ. ಹಡಗಿನವರಾದರೆ ಇಷ್ಟು ಚೆಂದ ಹೇಳುವುದಿಲ್ಲ. ರೇಡಿಯೊದವರ ಹಾಗೆ ಹೇಳಿದಿರಿ."

ಎದ್ದು ಕೊಡೆ ತೆಗೆದುಕೊಂಡೆ. ಮನೆಯಲ್ಲಿ ಹನ್ನೊಂದು ಜನ ಇರುವ ಹೆಂಗಸು ನಾನು, ಇದು ನನ್ನ ಮಗಳು ಕಲಿಸಿದ ಪಾಠ ಎಂದೆ. ಅವರಿಗೆ ಇನ್ನಷ್ಟು ನಾಚಿಕೆಯಾಯಿತು. ಒಂದು ವರ್ಷದಿಂದ ದಿನಾ ಬೆಳಿಗ್ಗೆ ನನ್ನ ಜಗಲಿಯಲ್ಲಿ ಆರು ಹೆಂಗಸರು ಮಲ್ಲಿಗೆ ಕಟ್ಟುತ್ತಾ ನಾನು ಒಂಟಿ, ನಾನು ಒಂಟಿ ಎಂದು ಹಾಡಿದ್ದಾರೆ. ಆ ಹೂವು ಉಡುಪಿಗೆ ಹೋಗಿದೆ, ಮುಂಬಯಿಗೆ ಹೋಗಿದೆ, ಮದುಮಗಳ ತಲೆಗೂ ಹೋಗಿರಬೇಕು.

ಮತ್ತೆ ಕುಳಿತು ಫೋನಿನ ಚೀಟಿ ಕೊಟ್ಟೆ. ಎರಡು ಸಲ ಓದಿದರು. ಸ್ವೀಬ್ನ್ಯು ಎಂಬ ಊರು ಎಲ್ಲಿ ಎಂದು ಕೇಳಿದೆ. ಅವರು ಒಳಗೆ ಹೋಗಿ ಒಂದು ಹಳೆಯ ಕ್ಯಾಲೆಂಡರ್ ತಂದರು. ಹಡಗಿನ ಚಿತ್ರದ್ದು, ಸಾವಿರದ ಒಂಬೈನೂರ ಎಂಬತ್ತನಾಲ್ಕರದ್ದು. ಐದನೆಯ ಹಾಳೆ ತೆಗೆದು ಬೆರಳಿಟ್ಟರು.

"ಅದು ಊರಲ್ಲ ಬಾಯ್. ತಿಂಗಳು. ಅವರ ಮೇ ತಿಂಗಳು. ಇಲ್ಲಿ ಇಲ್ಲ, ಮೇ ತಿಂಗಳಿನಲ್ಲಿ ಹೊರಟುಹೋದಳು ಎಂದು ಇದರಲ್ಲಿ ಉಂಟು."

ನಾನು ಇಲ್ಲದ ಊರನ್ನು ಅಟ್ಲಾಸಿನಲ್ಲಿ ಹುಡುಕಿದೆ. ಇಲ್ಲದ ಊರಿನ ಹೆಸರನ್ನು ಫಾದರಿಗೆ ಹೇಳಿದೆ. ನೀನು ಒಂದು ತಿಂಗಳಿಗೆ ಅಂಚೆ ಕಚೇರಿ ಇಲ್ಲವೆಂದು ಬರೆದೆ, ನಾನು ಓದಿದೆ. ಹ್ರಸ್ವ, ದೀರ್ಘ, ಏರು, ಇಳಿ ಎಲ್ಲ ಸರಿ ಬರೆದುಕೊಂಡವಳಿಗೆ ಅರ್ಥ ಮಾತ್ರ ಸುಳ್ಳು ಸಿಕ್ಕಿತು.

ಒಂದು ವರ್ಷದಿಂದ ಎಲ್ಲಿದ್ದೀ? ಯಾರ ಮನೆಯಲ್ಲಿ? ಗಂಡಸು ಉಂಟೋ? ಮಗು ಉಂಟೋ? ನಿನ್ನನ್ನು ಹೊರಗೆ ಹಾಕಿದರೋ, ನೀನೇ ಹೋದೆಯೋ? ಏಳು ವರ್ಷದವಳಾಗಿ ಟೈಫಾಯ್ಡಿನಲ್ಲಿ ಸಾಯುತ್ತಿದ್ದಾಗ ನಿನ್ನನ್ನು ದೇವರಿಗೆ ಕೊಡುತ್ತೇನೆಂದು ಕಾರ್ಕಳದ ಅತ್ತೂರು ಇಗರ್ಜಿಯಲ್ಲಿ ಮೊಣಕಾಲೂರಿ ಹರಕೆ ಹೇಳಿದವಳು ನಾನು. ಇನ್ನು ಅಲ್ಲಿಗೆ ಯಾವ ಮುಖದಲ್ಲಿ ಹೋಗಲಿ?

ಮೊದಲಿನ ಹಾಗೆ ಎಲ್ಲ ಪ್ರಶ್ನೆಗೂ ಒಂದೇ ಉತ್ತರ ಬೇಡ. ಒಂದೊಂದಕ್ಕೂ ಬೇರೆ ಬೇರೆ ಬರೆ.

ಡುಲ್ಸಿನ್ ರೊಸಾರಿಯೊ


ಝಾಗ್ರೆಬ್
4 ಜೂನ್ 2000

ಮಾಂಯ್,

ನಿಮ್ಮ ಕಾಗದದ ಕೊನೆಗೆ ಬೆಸಾಂವ್ ಇರಲಿಲ್ಲ. ಪುಟ ತಿರುಗಿಸಿ ಹಿಂದೆಯೂ ನೋಡಿದೆ. ಆದ್ದರಿಂದ ನಾನೂ ಕೇಳುವುದಿಲ್ಲ.

ಗಂಡಸು ಇಲ್ಲ. ಮಗು ಇಲ್ಲ. ನನ್ನನ್ನು ಯಾರೂ ಹೊರಗೆ ಹಾಕಿಲ್ಲ. ಯಾರೂ ಹೊಡೆದದ್ದಿಲ್ಲ, ಬೈದದ್ದಿಲ್ಲ. ಸಿಸ್ಟರ್ ಆದವರು ಜೀವಮಾನದ ಕೊನೆಯ ವ್ರತ ತೆಗೆದುಕೊಳ್ಳುವವರೆಗೆ ವರ್ಷಕ್ಕೊಮ್ಮೆ ಹೊಸದಾಗಿ ಮಾತು ಕೊಡಬೇಕು. ಹೋದ ವರ್ಷದ ಮೇ ತಿಂಗಳಿನಲ್ಲಿ ಮದರ್ ಕೇಳಿದರು, ಇನ್ನೊಂದು ವರ್ಷಕ್ಕೆ ಮಾತು ಕೊಡುತ್ತೀಯಾ ಎಂದು. ನನ್ನ ಬಾಯಿಂದ ಹೌದು ಬರಲಿಲ್ಲ. ಆ ಭಾಷೆಯಲ್ಲಿ ಹೌದು ಬಹಳ ಸಣ್ಣ ಪದ, ದಾ ಎಂದರೆ ಆಯಿತು. ಮದರ್ ಎದ್ದು ಬಂದು ನನ್ನ ತಲೆ ಸವರಿದರು. ಒಳ್ಳೆಯ ಹೆಂಗಸು. ನೀವು ಮೊದಲು ಕೇಳಿದ್ದ ಮೂರು ಪ್ರಶ್ನೆಗಳಲ್ಲಿ ಮೂರನೆಯದಕ್ಕೆ ಉತ್ತರ ಇದು.

ಮೊದಲನೆಯದು: ಊಟಕ್ಕೆ ಆಲೂಗಡ್ಡೆ, ಎಲೆಕೋಸು. ಎರಡನೆಯದು: ಕೋಣೆಯಲ್ಲಿ ನಾಲ್ಕು ಜನ ಇದ್ದೆವು. ನಾಲ್ಕು ಜನರ ನಡುವೆ ಆರು ತಿಂಗಳು ನನ್ನೊಡನೆ ಯಾರೂ ಮಾತಾಡಲಿಲ್ಲ. ದ್ವೇಷದಿಂದಲ್ಲ. ಅಕ್ಷರ ಸರಿ ಬಂದರೂ ನನ್ನ ದನಿಯ ಏರಿಳಿತ ಅವರಿಗೆ ತಿಳಿಯುತ್ತಿರಲಿಲ್ಲ, ಅಷ್ಟೇ. ಹರಕೆ ನಿಮ್ಮ ಬಾಯಿಯದ್ದು ಮಾಂಯ್. ನಡೆದದ್ದು ನನ್ನ ಕಾಲು. ಹದಿನೆಂಟು ವರ್ಷದವಳಿದ್ದಾಗ ನೀವು ಕೇಳಿದ್ದರೆ ಆಗಲೂ ನಾನು ಸುಮ್ಮನಿರುತ್ತಿದ್ದೆ. ನೀವು ಕೇಳಲಿಲ್ಲ.

ಈಗ ಝಾಗ್ರೆಬಿನಲ್ಲಿ ಒಬ್ಬ ಮುದುಕಿಯ ಮನೆಯಲ್ಲಿ ಇದ್ದೇನೆ. ಶಾಲೆಯಲ್ಲಿ ಟೀಚರ್ ಆಗಿದ್ದವರು, ಈಗ ಹಾಸಿಗೆ ಬಿಟ್ಟು ಏಳುವುದಿಲ್ಲ. ಅವರನ್ನು ನೋಡಿಕೊಳ್ಳುವುದು ನನ್ನ ಕೆಲಸ. ಸ್ನಾನ ಮಾಡಿಸುವಾಗಲೂ ನನ್ನ ಉಚ್ಚಾರ ತಿದ್ದುತ್ತಾರೆ. ನಿಮ್ಮ ಹಾಗೆಯೇ.

ಯಾ ಸಮ್ ಸಾಮ ಎಂದು ಬರೆಯುವಾಗ ನಿಮಗೆ ತಿಳಿಯಲಿ ಎಂದು ಬರೆದೆನೋ, ತಿಳಿಯದಿರಲಿ ಎಂದು ಬರೆದೆನೋ, ನನಗೇ ಗೊತ್ತಿಲ್ಲ. ನೀವು ಅರ್ಥ ಕೇಳಿದ ದಿನ ಹೆದರಿಕೆಯಾಯಿತು. ಸ್ವೀಬ್ನ್ಯುವಿನ ಸುಳ್ಳು ನನ್ನದೇ. ಅದಕ್ಕೆ ಕ್ಷಮೆ ಕೇಳುತ್ತೇನೆ.

ಡಿಸೆಂಬರಿಗೆ ಇಲ್ಲಿಯ ಪರವಾನಗಿ ಮುಗಿಯುತ್ತದೆ. ಇಟಲಿಯಲ್ಲಿ ಇಂಥದ್ದೇ ಕೆಲಸ ಉಂಟು, ಅಲ್ಲಿಗೆ ಹೋದರೆ ಮತ್ತೆ ಐದು ವರ್ಷ ಬರಲಾಗುವುದಿಲ್ಲ. ಅಕ್ಟೋಬರಿನೊಳಗೆ ಅವರಿಗೆ ಉತ್ತರ ಕೊಡಬೇಕು. ಇಲ್ಲವಾದರೆ ಮನೆ. ಮನೆಗೆ ಬಂದರೆ ನೀವು ಒಳಗಿನಿಂದ ಯಾರು ಎಂದು ಕೇಳುತ್ತೀರಿ. ಸಿಸ್ಟರ್ ಎಂದು ಹೇಳುವ ಹಾಗಿಲ್ಲ. ಮತ್ತೆ ಎಂತ ಹೇಳಲಿ, ಅದು ನನಗೆ ತಿಳಿಯುವುದಿಲ್ಲ.

ಡೈನಾ


ಶಂಕರಪುರ
9 ಸೆಪ್ಟೆಂಬರ್ 2000

ಡೈನಾ,

ನಿನ್ನ ಕಾಗದ ಬಂದು ಮೂರು ತಿಂಗಳಾಗುತ್ತ ಬಂತು. ಮೂರು ಸಲ ಉತ್ತರ ಬರೆದಿಟ್ಟು, ಕೊನೆಗೆ ಮೂರನ್ನೂ ಒಲೆಗೆ ಹಾಕಿದೆ. ಮೊದಲನೆಯದರಲ್ಲಿ ಬೈಗುಳ ಹೆಚ್ಚಿತ್ತು. ಎರಡನೆಯದರಲ್ಲಿಯೂ. ಮೂರನೆಯದರಲ್ಲಿ ಇರಲಿಲ್ಲ, ಅದಕ್ಕೆ ಅದನ್ನು ಮೊದಲು ಸುಟ್ಟೆ.

ನೀನು ಬರೆದದ್ದನ್ನು ನಾನು ಕೂಡಲೇ ನಂಬಲಿಲ್ಲ. ಒಮ್ಮೆ ಸುಳ್ಳು ಹೇಳಿದವರನ್ನು ಯಾಕೆ ನಂಬಬೇಕು? ಸ್ಟ್ಯಾನಿಸ್ಲಾಸರನ್ನು ಬೂತಿಗೆ ಕರೆದುಕೊಂಡು ಹೋಗಿ ಕಾನ್ವೆಂಟಿಗೆ ಫೋನು ಮಾಡಿಸಿದೆ. ಮದರ್ ಸಿಕ್ಕಿದರು. ನಿನ್ನ ಮೇಲೆ ಒಂದು ದೂರೂ ಹೇಳಲಿಲ್ಲ. ಮಾತಿನ ಕೊನೆಗೆ ಅವರು ಏನೋ ಕೇಳಿದರು. ಸ್ಟ್ಯಾನಿಸ್ಲಾಸ್ ನನ್ನ ಕಡೆ ತಿರುಗಿ, "ಹುಡುಗಿಗೆ ಮನೆಯಿಂದ ಕಾಗದ ಬರುತ್ತದೋ ಎಂದು ಕೇಳುತ್ತಾರೆ" ಎಂದರು. ಮುದ್ದಣ್ಣ ಆ ದಿನ ನಗಲಿಲ್ಲ. ಎದ್ದು ಹೊರಗೆ ಹೋಗಿ ನಿಂತ.

ಜುಬಿಲಿ ಪುಸ್ತಕ ಇನ್ನೂ ಅಚ್ಚಾಗಿರಲಿಲ್ಲ. ಫಾದರ್ ಹತ್ತಿರ ನಾನೇ ಹೋಗಿ ಫೋಟೊ ಹಿಂದಕ್ಕೆ ತೆಗೆದುಕೊಂಡೆ. ಕಾರಣವನ್ನೂ ಹೇಳಿದೆ. ಊರವರು ಹಿಂದಿನಿಂದ ಹೇಳುವ ಮೊದಲು ಎದುರಿನಿಂದ ನಾನು ಹೇಳುವುದು ಲೇಸು. ಎರಡು ಭಾನುವಾರ ಜನ ನನ್ನ ಬೆಂಚಿನಿಂದ ಸ್ವಲ್ಪ ದೂರ ಕುಳಿತರು. ಮೂರನೆಯ ಭಾನುವಾರ ಅವರಿಗೇ ಜಾಗ ಸಾಲಲಿಲ್ಲ.

ಮತ್ತೆ ಅತ್ತೂರಿಗೆ ಹೋದೆ, ಒಬ್ಬಳೇ. ಹರಕೆ ಹೇಳಿದ ಜಾಗದಲ್ಲಿಯೇ ಮೊಣಕಾಲೂರಿದೆ. ಈಗ ಮೊಣಕಾಲು ಆಗಿನ ಹಾಗಿಲ್ಲ. ನನ್ನದಲ್ಲದ್ದನ್ನು ಕೊಡುತ್ತೇನೆಂದು ಹೇಳಿದ್ದೆ, ಅದು ನನ್ನ ತಪ್ಪು, ಹುಡುಗಿಯ ಮೇಲೆ ಹಾಕಬೇಡ ಎಂದು ಹೇಳಿದೆ. ಉತ್ತರ ಬರಲಿಲ್ಲ. ಅಲ್ಲಿಂದ ಯಾವಾಗಲೂ ಬರುವುದಿಲ್ಲ. ಎದ್ದು ಬಂದೆ. ನಿನ್ನೊಡನೆ ಇದಕ್ಕಿಂತ ಹೆಚ್ಚು ಇದರ ಬಗ್ಗೆ ನಾನು ಮಾತಾಡುವವಳಲ್ಲ, ನೀನೂ ಎತ್ತಬೇಡ.

ನಿನ್ನೆ ಮೊಂತಿ ಫೆಸ್ತ್. ಈ ವರ್ಷವೂ ನಿನ್ನ ಹೆಸರಿನ ತೆನೆಕಾಳು ತೆಗೆದಿಟ್ಟಿದ್ದೇನೆ. ಹೋದ ವರ್ಷದ್ದೂ ಉಂಟು.

ಜಗಲಿಯಲ್ಲಿ ಆ ಹಾಡು ನಿಲ್ಲಿಸಿದ್ದೇನೆ. ರೇಣುಕವ್ವ ಕೇಳುವುದಿಲ್ಲ. ಅರ್ಥ ಹೇಳಿ ಬೇಡವೆಂದೆ. "ಹೌದೇನ್ರಿ? ಹಂಗಾದ್ರ ಆರು ಮಂದಿ ಕೂಡಿ ಅಂದ್ವಲ್ರಿ ಅಮ್ಮಾರ, ಒಂಟಿ ಹೆಂಗ ಆದೇವು?" ಎಂದಳು. ಈಗ ಅವಳು ಮೊದಲ ಎರಡು ಪದ ಮಾತ್ರ ಹೇಳಿ ಮೂರನೆಯ ಗಂಟನ್ನು ಸುಮ್ಮನೆ ಹಾಕುತ್ತಾಳೆ.

ಇಟಲಿಯವರಿಗೆ ಆಗುವುದಿಲ್ಲ, ಮನೆಗೆ ಹೋಗುತ್ತೇನೆಂದು ಬರೆ. ನಿನಗೆ ಹೇಳಲು ಸ್ಟ್ಯಾನಿಸ್ಲಾಸರಿಂದ ಎರಡು ಪದ ಕಲಿತಿದ್ದೇನೆ: ದೋಜಿ ದೊಮ. ಜ ಬಹಳ ಮೆತ್ತಗೆ. ದೋ ದೀರ್ಘ, ನನ್ನ ಎಂತ ಹಾಗೆ ಏರುತ್ತದೆ. ದೊ ಹ್ರಸ್ವ, ನನ್ನ ಸಾಕು ಹಾಗೆ ಇಳಿಯುತ್ತದೆ. ಅರ್ಥ ನಿನಗೆ ಗೊತ್ತುಂಟು, ನಾನು ಬರೆಯುವುದಿಲ್ಲ.

ಬಾಗಿಲು ಬಡಿದರೆ ನಾನು ಯಾರೆಂದು ಕೇಳುವುದು ಖಂಡಿತ. ಕೇಳದೆ ಬಾಗಿಲು ತೆಗೆಯುವ ಅಭ್ಯಾಸ ಈ ಮನೆಯಲ್ಲಿಲ್ಲ. ನಿನ್ನ ಭಾಷೆಯಲ್ಲಿಯೇ ಕೇಳುತ್ತೇನೆ: ತ್ಕೊ ಯೆ? ನೀನು ಎಂತ ಹೇಳಬೇಕೆಂದು ಕೇಳಿದ್ದೀಯಲ್ಲ. ನೀನೇ ಕಲಿಸಿದ ಸಾಲಿನ ಮೊದಲ ಎರಡು ಪದ ಹೇಳು. ಯಾ ಸಮ್. "ನಾನು" ಎಂದರೆ ಅಲ್ಲಿ ಅಷ್ಟೇ ಹೇಳುವುದಂತೆ, ಯಾರ ಮನೆಯ ಬಾಗಿಲಲ್ಲಿಯೂ ಸಾಕಾಗುತ್ತದಂತೆ.

ಮೂರನೆಯ ಪದ ಹೇಳಬೇಡ. ಅದು ಇಲ್ಲಿ ನಿಜವಾಗುವುದಿಲ್ಲ.

ಬೆಸಾಂವ್ ಉಂಟು. ಕೇಳದಿದ್ದರೂ ಉಂಟು.

ಮಾಂಯ್